ಹೊದಿಕೆಯಿಲ್ಲದೆ ಚಾಲೂ ಆದ ಇಂಜಿನು

ನನ್ನ ಮೊಮ್ಮಗಳ ಇಂಜಿನು ಚಾಲೂ ಆಯಿತು. ಉಳಿದದ್ದೆಲ್ಲ ಆಮೇಲೆ, ಮೊದಲು ಇದನ್ನು ಓದಿಕೊಳ್ಳಿರಿ. ಸ್ವೀಡನ್ ಎನ್ನುವ ದೇಶದ ಬಡಗಣ ತುದಿಯಲ್ಲಿ, ಬಾಯಿಂದ ಬಿಟ್ಟ ಉಸಿರು ಸೆರಗಿನ ಅಂಚಿಗೆ ಉಪ್ಪಿನ ಹಾಗೆ ಕಟ್ಟಿಕೊಳ್ಳುವ ಚಳಿಯಲ್ಲಿ, ಇಡೀ ರಾತ್ರಿ ಬಯಲಿಗೆ ನಿಂತಿದ್ದ ಮಿಲಿಟರಿ ಲಾರಿ ಬೆಳಗ್ಗೆ ಕೀಲಿ ತಿರುವಿದ ಕೂಡಲೇ ಗುಡುಗಿತು. ಕೆಳಗೆ ಬೆಂಕಿ ಇಲ್ಲ, ಮೇಲೆ ಬಿಸಿನೀರು ಸುರಿದಿಲ್ಲ, ಹರಕು ಗೋಣಿಚೀಲವನ್ನೂ ಹೊದಿಸಿಲ್ಲ. ಅದನ್ನು ಕಟ್ಟಿದವರು ಹತ್ತಾರು ಮಂದಿ ಇದ್ದಾರೆ, ಇಲ್ಲ ಎನ್ನುವುದಿಲ್ಲ. ಆದರೆ ಕೀಲಿ ತಿರುವಿದ ಕೈ ನಮ್ಮ ಗಿರಿಜಾಳದು. ನಾನು ಕಿಟಕಿಯಲ್ಲಿ ನಿಂತು ಕಣ್ಣಾರೆ ನೋಡಿದೆ.

ಊರಿಗೆ ಬಂದ ಮೇಲೆ ಕೇಳಿದವರಿಗೆಲ್ಲ ಹೇಳಿದೆ, ಕೇಳದವರನ್ನೂ ಕರೆದು ಕೂರಿಸಿ ಹೇಳಿದೆ. ಹೇಳುವಾಗ ಕಣ್ಣಲ್ಲಿ ನೀರು ಬರುತ್ತದೆ. "ಸಂತೋಷಕ್ಕ ಅಳತೀಯೇನಬೇ" ಎನ್ನುತ್ತಾರೆ. ಹೂಂ ಎನ್ನುತ್ತೇನೆ. ಅದು ಅರ್ಧ ಖರೆ. ಉಳಿದ ಅರ್ಧಕ್ಕಾಗಿ ಬರೆಯಲು ಕೂತಿದ್ದೇನೆ. ನಾಲ್ಕನೆಯ ತರಗತಿಗೆ ನಿಂತುಹೋದ ಅಕ್ಷರ ನನ್ನವು. ಒತ್ತು, ದೀರ್ಘ ತಪ್ಪಿದ್ದನ್ನು ಸೊಸೆ ಶಾಂತಾ ತಿದ್ದಿದ್ದಾಳೆ. ಮಾತನ್ನು ತಿದ್ದಬೇಡ ಎಂದಿದ್ದೇನೆ.

ಅಳವಂಡಿ ಬಿಟ್ಟದ್ದು

ನಮ್ಮದು ಹಿಟ್ಟಿನ ಗಿರಣಿ. ಯಲಬುರ್ಗಾದ ಕಡೆಯಿಂದ ನಾನು ಮದುವೆಯಾಗಿ ಅಳವಂಡಿಗೆ ಬಂದಾಗ ಅದು ಡೀಸೆಲ್ ಇಂಜಿನಿನ ಮೇಲೆ ನಡೆಯುತ್ತಿತ್ತು. ಹ್ಯಾಂಡಲ್ ಹಾಕಿ ತಿರುವಬೇಕು. ಬೇಸಿಗೆಯಲ್ಲಾದರೆ ಎರಡು ಸುತ್ತಿಗೆ ಢಗ್ ಢಗ್ ಎಂದು ಎದ್ದುಬಿಡುವುದು. ಚಳಿಗಾಲದ ಮುಂಜಾನೆ ಮಾತ್ರ ಯಜಮಾನರ ಭುಜ ಬಿದ್ದುಹೋಗುವ ತನಕ ತಿರುವಿದರೂ ಒಂದು ಸಲ ಕೆಮ್ಮಿ ಸುಮ್ಮನಾಗುವುದು. ಅದಕ್ಕೆ ಯಜಮಾನರು ಒಂದು ರೂಢಿ ಮಾಡಿಕೊಂಡಿದ್ದರು. ಸಂಜೆ ಗಿರಣಿ ಬಂದ್ ಮಾಡಿ ಇಂಜಿನು ಬಿಸಿ ಇರುವಾಗಲೇ ಮೇಲೆ ಎರಡು ಗೋಣಿಚೀಲ ಹೊದಿಸುವರು. "ಕಬ್ಬಿಣಕ್ಕೂ ಥಂಡಿ ಆಗತೈತಿ. ಹೊದಿಸಿ ಮಲಗಿಸಿದ್ರ ಮುಂಜಾನೆ ಸಿಟ್ಟು ಮಾಡಂಗಿಲ್ಲ" ಎನ್ನುವರು.

ನಮ್ಮ ಮಗ ವೀರೇಶ ಚಿಕ್ಕವನಿದ್ದಾಗ ಒಂದು ಸಂಜೆ ತನ್ನ ಹಾಸಿಗೆಯ ಕೌದಿಯನ್ನೇ ಎಳೆದುಕೊಂಡು ಹೋಗಿ ಇಂಜಿನಿಗೆ ಹೊದಿಸಿದ್ದ. ಗೋಣಿಚೀಲ ಅದಕ್ಕೆ ಚುಚ್ಚುತ್ತದೆ ಎಂದು. ಎಣ್ಣೆ ಮೆತ್ತಿದ ಕೌದಿ ನೋಡಿ ನಾನು ಬೈದೆ, ಯಜಮಾನರು ನಕ್ಕರು. ಅದೇ ಹುಡುಗ ದೊಡ್ಡವನಾಗಿ ಮಿಲಿಟರಿಗೆ ಡ್ರೈವರಾಗಿ ಹೋದ. ಅವನ ಮಗಳು ಗಿರಿಜಾ. ಇಂಜಿನುಗಳದ್ದೇ ಓದು ಓದಿ, ಕುಷ್ಟಗಿಯ ಮಹೇಶನನ್ನು ಮದುವೆಯಾಗಿ, ಇಬ್ಬರೂ ಕೆಲಸ ಹಿಡಿದು ಆ ಹಿಮದ ದೇಶಕ್ಕೆ ಹೋದರು. ಗಿರಿಜಾ ಇರುವ ಕಾರ್ಖಾನೆಯಲ್ಲಿ ಮಿಲಿಟರಿ ಲಾರಿಗಳ ಇಂಜಿನು ಕಟ್ಟುತ್ತಾರೆ.

ಒಂದು ದಿನ ಅವಳ ಫೋನು ಬಂತು. ನಮ್ಮ ಕಡೆ ಅಜ್ಜಿಗೆ ಅಮ್ಮ ಎನ್ನುತ್ತಾರಲ್ಲ, ಅವಳೂ ನನಗೆ ಹಾಗೆಯೇ ಕರೆಯುವುದು.

"ಅಮ್ಮ, ಅವ್ವನ್ನ ಕರಕೊಂಡು ಬಾ. ಈ ಸಲ ಚಳಿಯಾಗ ನಮ್ಮ ಇಂಜಿನು ಪರೀಕ್ಷಾಕ ಕುಂದರತೈತಿ. ನೀ ಇರಬೇಕು."

"ಪರೀಕ್ಷೆ ಇಂಜಿನಿಗೋ ನಿನಗೋ?"

"ಇಬ್ರಿಗೂ. ಪಾಸಾಗಲಿಲ್ಲಂದ್ರ ಈ ನಮೂನಿ ಬಿಟ್ಟು ಹಳೇ ನಮೂನಿಗೇ ಹೊಕ್ಕಾರ. ಮುಂದಿನ ಚಳಿಗಾಲದ ತನಕ ಕಾಯಂಗಿಲ್ಲ ಅಂದಾರ."

ಯಜಮಾನರಿಗೆ ಟೊಂಕದ ನೋವು. ಬರುವುದಿಲ್ಲ ಎಂದರು. "ನಾ ಬಂದ್ರ ಮಂದಿ ಹಿಟ್ಟಿಲ್ಲದ ಕುಂದರಬೇಕೇನು" ಎಂದರು. ಇನ್ನೊಂದು ಕಾರಣ ಇತ್ತು. ಅದನ್ನು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊರಡುವ ದಿನ ಬಸ್ಸಿನ ಕಿಟಕಿಯ ಬಳಿ ಬಂದು, "ಚಾಲೂ ಮಾಡೂ ಮುಂದ ನನಗ ಫೋನು ಹಚ್ಚು. ಸಪ್ಪಳ ಕೇಳಬೇಕು" ಎಂದಷ್ಟೇ ಹೇಳಿದರು.

ಕೌದಿಯನ್ನು ಹಿಡಿದ ನಾಯಿ

ವಿಮಾನದ ಕಥೆ ಎಲ್ಲರೂ ಬರೆಯುತ್ತಾರೆ, ನಾನು ಬಿಡುತ್ತೇನೆ. ಇಳಿದ ಮೇಲೆ ಆದದ್ದನ್ನು ಹೇಳುತ್ತೇನೆ.

ಗಿರಿಜಾಳ ಮನೆಗೆಂದು ನಾನೂ ಶಾಂತಾಳೂ ಒಂದು ಕೌದಿ ಹೊಲಿದಿದ್ದೆವು. ನನ್ನ ಎರಡು ಇಳಕಲ್ ಸೀರೆ, ಶಾಂತಾಳ ಹಳೆಯ ಸೀರೆ, ಗಿರಿಜಾಳ ಸಾಲೆಯ ನೀಲಿ ಲಂಗ. ನಟ್ಟನಡುವೆ ವೀರೇಶನ ಮಿಲಿಟರಿ ಅಂಗಿಯದೊಂದು ಚೌಕ. ಕೌದಿ ಮುಗಿಸುವಾಗ ನಮ್ಮಲ್ಲಿ ಅದರ ಹೊಟ್ಟೆಯೊಳಗೆ ಒಂದು ಚೂರು ರೊಟ್ಟಿ ಇಟ್ಟು ಹೊಲಿಯುವುದುಂಟು. ಕೌದಿ ಹಸಿದಿರಬಾರದು, ಹಸಿದ ಕೌದಿ ಬೆಚ್ಚಗಿಡುವುದಿಲ್ಲ ಎಂದು ನಮ್ಮವ್ವ ಹೇಳುತ್ತಿದ್ದಳು. ನಾವೂ ಆ ಅಂಗಿಯ ಚೌಕದ ಕೆಳಗೆ ಜೋಳದ ರೊಟ್ಟಿಯ ಚೂರು ಇಟ್ಟಿದ್ದೆವು.

ಸಾಮಾನು ತೆಗೆದುಕೊಂಡು ಹೊರಗೆ ಬರುವ ಬಾಗಿಲಲ್ಲಿ ಒಬ್ಬ ಅಧಿಕಾರಿ ನಾಯಿ ಹಿಡಿದುಕೊಂಡು ನಿಂತಿದ್ದ. ಆ ನಾಯಿ ಎಲ್ಲರನ್ನೂ ಬಿಟ್ಟು ನಮ್ಮ ಕೌದಿಯ ಗಂಟಿನ ಮುಂದೆ ಬಂದು ಕುಳಿತುಬಿಟ್ಟಿತು. ಬೊಗಳಲಿಲ್ಲ. ಎದ್ದೂ ಹೋಗಲಿಲ್ಲ. ಅಧಿಕಾರಿ ಕೌದಿ ಬಿಚ್ಚಿ, ಹಿಚುಕಿ ನೋಡಿದ. ನಡುವೆ ಗಟ್ಟಿಯಾಗಿ ಏನೋ ಕೈಗೆ ಸಿಕ್ಕಿತು. ನಮ್ಮಿಬ್ಬರ ಕಡೆ ನೋಡಿದ. ಶಾಂತಾ ಕೊಪ್ಪಳದ ಸರಕಾರಿ ಆಫೀಸಿನಲ್ಲಿ ಕೆಲಸ ಮಾಡುವವಳು, ನಾಲ್ಕು ಇಂಗ್ಲಿಷ್ ಮಾತು ಬಲ್ಲವಳು. ಆ ಹೊತ್ತಿಗೆ ನಾಲ್ಕೂ ಅವಳನ್ನು ಬಿಟ್ಟು ಓಡಿಹೋದವು. ಕಡೆಗೆ ಹೊರಗೆ ಕಾಯುತ್ತಿದ್ದ ಗಿರಿಜಾಳಿಗೆ ಫೋನು ಹಚ್ಚಿ ಅಧಿಕಾರಿಯ ಕೈಗೆ ಕೊಟ್ಟೆವು. ಅವನು ಕೇಳಿಸಿಕೊಂಡ, ಕೌದಿ ನೋಡಿದ, ಮತ್ತೆ ಕೇಳಿಸಿಕೊಂಡ. ನಗಲಿಲ್ಲ. ಬಿಚ್ಚಿದ್ದ ಕೌದಿಯನ್ನು ತಾನೇ ನೀಟಾಗಿ ಮಡಚಿ ಕೊಟ್ಟ, ನಾಯಿಗೊಂದು ಬಿಸ್ಕತ್ತು ಕೊಟ್ಟ.

ಹೊರಗೆ ಬಂದ ಮೇಲೆ ಗಿರಿಜಾ ನನ್ನನ್ನು ಅಪ್ಪಿಕೊಂಡು, "ಬಂದ ಕೂಡ್ಲೇ ನಾಯಿ ಕೈಯಾಗ ಸಿಕ್ಕಿಬಿದ್ಯಲ್ಲ ಅಮ್ಮ" ಎಂದಳು.

"ನಾಯಿಗಿ ಜೋಳದ ರೊಟ್ಟಿ ರುಚಿ ಗೊತ್ತೈತಿ. ನಿಮ್ಮ ಮಂದಿಗಷ್ಟ ಗೊತ್ತಿಲ್ಲ" ಎಂದೆ.

ಹಳೆಯ ಇಂಜಿನುಗಳ ಮನೆ

ಉತ್ತರಕ್ಕೆ ಹೋಗುವ ಮುಂಚೆ ಗಿರಿಜಾ ಒಂದು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದಳು. ಹಳೆಯ ಮಿಲಿಟರಿ ಲಾರಿಗಳನ್ನೂ ಅವುಗಳ ಇಂಜಿನುಗಳನ್ನೂ ಸಾಲಾಗಿ ನಿಲ್ಲಿಸಿದ ದೊಡ್ಡ ಪಡಸಾಲೆ. ಗಂಗಾವತಿಯ ಅಕ್ಕಿ ಗಿರಣಿಯಷ್ಟು ಎತ್ತರದ ಮಾಡು. ಆದರೆ ಧೂಳಿಲ್ಲ, ಕೂಗಾಟವಿಲ್ಲ. ಇಂಜಿನುಗಳ ಊರಲ್ಲಿ ಇಷ್ಟು ಮೌನ ಇರುವುದು ನನಗೆ ಹಿಡಿಸಲಿಲ್ಲ.

ಮೊದಲನೆಯದನ್ನು ನೋಡಿ ನಿಂತುಬಿಟ್ಟೆ. ಮೂತಿಯ ಮುಂದೆ ಹ್ಯಾಂಡಲ್. ನಮ್ಮ ಗಿರಣಿಯದೇ ಅಣ್ಣತಮ್ಮ.

"ಇದು ಪೆಟ್ರೋಲಿಂದು" ಎಂದಳು ಗಿರಿಜಾ. "ಹ್ಯಾಂಡಲ್ ತಿರುವೂ ಮುಂದ ತಿರುಗಿ ಹೊಡದ್ರ ಮುಂಗೈನ ಮುರೀತಿತ್ತಂತ. ಆಮ್ಯಾಲ ಡೀಸೆಲ್ ಬಂತು. ಅದಕ್ಕ ಕಿಡಿ ಬೇಕಾಗಿಲ್ಲ. ಒಳಗಿನ ಗಾಳೀನ ಹಿಂಡಿ ಹಿಂಡಿ ಕಾಯಿಸತೈತಿ. ಆ ಕಾವಿಗೇ ಎಣ್ಣಿ ಹತ್ತಿಕೊಳ್ಳತೈತಿ."

"ಮತ್ತ ಥಂಡಿಯಾಗ?"

"ಅದ ಅಮ್ಮ ಅದರ ಕಷ್ಟ. ಕಬ್ಬಿಣ ತಣ್ಣಗಿದ್ರ ಆ ಕಾವನ್ನೆಲ್ಲ ಕಬ್ಬಿಣನ ಕುಡೀತೈತಿ. ಒಳಗಿನ ಆಯಿಲ್ ಬೆಲ್ಲದ ಪಾಕದಂಗ ಗಟ್ಟಿ ಆಗತೈತಿ. ಬ್ಯಾಟರಿಗೆ ಶಕ್ತಿ ಇರಂಗಿಲ್ಲ. ಡೀಸೆಲ್ಲು ಪೈಪಿನಾಗ ಮೇಣದಂಗ ಹೆಪ್ಪುಗಟ್ಟತೈತಿ."

ಮುಂದಿನದು ಸಿಕ್ಕಿದ್ದನ್ನು ಉಣ್ಣುವ ಇಂಜಿನು. ಯುದ್ಧದಲ್ಲಿ ಇಂಥದೇ ಎಣ್ಣೆ ಬೇಕು ಎಂದು ಹಟ ಮಾಡಲಾದೀತೇ? ಡೀಸೆಲ್ ಆಗಲಿ, ಪೆಟ್ರೋಲ್ ಆಗಲಿ, ಸೀಮೆಎಣ್ಣೆ ಆಗಲಿ, ಹಾಕಿದ್ದನ್ನು ಕುಡಿದು ನಡೆಯುತ್ತಿತ್ತಂತೆ. "ನಿಮ್ಮಜ್ಜನಂಗ ಐತಿ. ನೀಡಿದ್ದು ಉಂಡು ಎದ್ದುಹೋಗತಾರ, ಉಪ್ಪಿಲ್ಲ ಅನ್ನೂದಿಲ್ಲ" ಎಂದೆ. ಶಾಂತಾ ನಕ್ಕಳು. ಅದರಾಚೆಯದು ತಾನು ಬಿಟ್ಟ ಹೊಗೆಯ ರಭಸದಿಂದಲೇ ಇನ್ನಷ್ಟು ಗಾಳಿಯನ್ನು ಒಳಗೆ ತಳ್ಳಿಕೊಳ್ಳುವ ಇಂಜಿನು. ಎತ್ತರದ ಗುಡ್ಡಗಳಲ್ಲಿ ಗಾಳಿ ತೆಳ್ಳಗಿರುತ್ತದೆ, ಅಲ್ಲಿ ಮನುಷ್ಯರಿಗೆ ದಮ್ಮು ಹತ್ತುವ ಹಾಗೆ ಇಂಜಿನಿಗೂ ಹತ್ತುತ್ತದೆ, ಅದಕ್ಕೆ ಈ ಉಪಾಯ ಎಂದಳು. ಕಡೆಗೆ ಈಗಿನವು, ಮೈತುಂಬ ತಂತಿ ಸುತ್ತಿಕೊಂಡವು. ಆಸ್ಪತ್ರೆಯಲ್ಲಿ ಮಲಗಿದ ರೋಗಿಯ ಹಾಗೆ ಕಂಡವು ನನಗೆ.

ಗಿರಿಜಾ ಮಾತಾಡುತ್ತ ಮುಂದೆ ಹೋಗಿದ್ದಳು. ತಿರುಗಿ ನೋಡಿದರೆ ಶಾಂತಾ ಆ ಸಿಕ್ಕಿದ್ದನ್ನು ಉಣ್ಣುವ ಇಂಜಿನಿನ ಬಳಿಯೇ ನಿಂತಿದ್ದಾಳೆ. ಅದರ ಹಿಂದೆ ಅಂಥದೇ ಲಾರಿ ನಿಂತಿತ್ತು. ಗಿರಿಜಾ ಹೋಗಿ ತಾಯಿಯ ಕೈ ಹಿಡಿದಳು.

"ಹೌದ ಅವ್ವ. ಅಪ್ಪನ ಗಾಡಿದೂ ಇಂಥಾ ಜಾತಿದ ಇಂಜಿನು."

ಅಲ್ಲಿ ಮುಟ್ಟಬಾರದು ಎಂದು ಹಗ್ಗ ಕಟ್ಟಿದ್ದರು. ಶಾಂತಾ ಹಗ್ಗದ ಮೇಲಿಂದ ಕೈ ಚಾಚಿ ಮುಟ್ಟಿದಳು. ಕಾವಲಿನ ಹೆಂಗಸು ನೋಡಿದಳು, ಮುಖ ಆ ಕಡೆ ತಿರುಗಿಸಿಕೊಂಡಳು.

ಈಗ ಹೇಳಿಬಿಡುತ್ತೇನೆ. ವೀರೇಶ ಲಡಾಖಿನ ಗುಡ್ಡದ ಮೇಲೆ ಲಾರಿ ಒಯ್ಯುತ್ತಿದ್ದ. ಹಿಮದ ಗಾಳಿ ಎದ್ದು ದಾರಿ ಮುಚ್ಚಿತು, ಇಂಜಿನು ನಿಂತಿತು, ಮತ್ತೆ ಏಳಲಿಲ್ಲ. ಜೊತೆಗಿದ್ದ ಜವಾನರು ಸಹಾಯ ತರಲು ಮುಂದಿನ ಚೌಕಿಗೆ ನಡೆದರು. ಗಾಡಿಯನ್ನು ಬಿಟ್ಟು ಹೋಗಬಾರದೆಂದು ಇವನು ಉಳಿದ. ಅವರು ತಿರುಗಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನನ್ನು ಊರಿಗೆ ತಂದ ಹವಾಲ್ದಾರ ನಮ್ಮ ಕಟ್ಟೆಯ ಮೇಲೆ ಕೂತು ಹಿಂದಿಯಲ್ಲಿ ಹೇಳಿದ, ಯಾರೋ ಕನ್ನಡ ಮಾಡಿ ಹೇಳಿದರು. ಅವನ ಕಂಬಳಿ ಅವನ ಮೈಮೇಲೆ ಇರಲಿಲ್ಲವಂತೆ. ಇಂಜಿನಿನ ಮೇಲೆ ಇತ್ತಂತೆ, ನಾಲ್ಕೂ ಕಡೆ ಸಿಕ್ಕಿಸಿ, ಗಾಳಿ ಹೋಗದ ಹಾಗೆ.

ಯಾಕೆ ಹಾಗೆ ಮಾಡಿದ ಎಂದು ಹವಾಲ್ದಾರನಿಗೆ ತಿಳಿದಿರಲಿಲ್ಲ. ನಮಗೆ ತಿಳಿದಿತ್ತು. ಯಜಮಾನರು ಎದ್ದು ಗಿರಣಿಯೊಳಗೆ ಹೋದರು. ಆ ವರ್ಷವೇ ಆ ಡೀಸೆಲ್ ಇಂಜಿನು ಕೀಳಿಸಿ ಕರೆಂಟಿನ ಮೋಟಾರು ಹಾಕಿಸಿದರು. ಹೊದಿಸುವ ಮಾತು ಮತ್ತೆ ಅವರ ಬಾಯಿಂದ ಬರಲಿಲ್ಲ. ಆಗ ಗಿರಿಜಾ ಇನ್ನೂ ಸಾಲೆಗೂ ಸೇರಿರಲಿಲ್ಲ.

ಗೂಟಕ್ಕೆ ಕಟ್ಟಿದ ಕಾರುಗಳು

ಉತ್ತರದ ಆ ಊರಿಗೆ ಹೋದಾಗ ಮಧ್ಯಾಹ್ನ ಮೂರಕ್ಕೇ ಕತ್ತಲೆ. ಹೆಪ್ಪುಗಟ್ಟಿದ ದೊಡ್ಡ ಕೆರೆ, ದಂಡೆಗೆ ಕಟ್ಟಿಗೆಯ ಮನೆಗಳು, ಅವುಗಳ ಮುಂದೆ ಬಯಲು. ಆ ಬಯಲಿನಲ್ಲಿ ಲಾರಿ ನಿಲ್ಲಿಸಿ ಪರೀಕ್ಷೆ ಮಾಡುವುದು. ನಮ್ಮನ್ನೂ ಅಲ್ಲೇ ಒಂದು ಮನೆಯಲ್ಲಿ ಇಳಿಸಿದರು. ಹಿಮ ಹೇಗಿರುತ್ತದೆ ಎಂದು ಊರಲ್ಲಿ ಎಲ್ಲರೂ ಕೇಳಿದರು. ಗಿರಣಿಯಲ್ಲಿ ಕೆಲಸ ಮುಗಿದ ಮೇಲೆ ಎಲ್ಲದರ ಮೇಲೂ ಹಿಟ್ಟು ಕೂತಿರುತ್ತದಲ್ಲ, ಮನುಷ್ಯರ ಹುಬ್ಬಿನ ಮೇಲೂ, ಹಾಗೆ. ಜಾಡಿಸಿದರೆ ಹೋಗುತ್ತದೆ, ಮತ್ತೆ ಕೂರುತ್ತದೆ.

ಅಲ್ಲಿನ ಮಂದಿ ಮಾತು ಕಡಿಮೆ. ಬಸ್ಸಿನಲ್ಲಿ ಒಬ್ಬರ ಪಕ್ಕ ಒಬ್ಬರು ಕೂರುವುದಿಲ್ಲ, ಯಾವೂರು ಎಂದು ಕೇಳುವುದಿಲ್ಲ. ನಾನು ಒಬ್ಬ ಮುದುಕಿಯ ಪಕ್ಕ ಹೋಗಿ ಕೂತರೆ ಅವಳು ತನ್ನ ಚೀಲ ತೊಡೆಯ ಮೇಲೆ ಇಟ್ಟುಕೊಂಡಳು. ಆದರೆ ಮನೆಯೊಳಗೆ ಹೋಗುವಾಗ ಎಲ್ಲರೂ ಕಾಲ್ಮರಿ ಹೊರಗೆ ಬಿಡುತ್ತಾರೆ, ಅದು ನನಗೆ ಹಿಡಿಸಿತು. ಚಹದ ಜೊತೆ ಏಲಕ್ಕಿ ಹಾಕಿದ ಬನ್ನು ಕೊಡುತ್ತಾರೆ. ಇನ್ನೊಂದು ರೊಟ್ಟಿ ಇದೆ, ದುಂಡಗೆ, ಖಡಕ್, ನಡುವೆ ತೂತು. ಹಿಂದೆ ಅದನ್ನು ಕೋಲಿಗೆ ಪೋಣಿಸಿ ಮಾಡಿಗೆ ತೂಗುಹಾಕಿ ತಿಂಗಳಾನುಗಟ್ಟಲೆ ಇಡುತ್ತಿದ್ದರಂತೆ. ನಾನು ನಮ್ಮ ಖಡಕ್ ರೊಟ್ಟಿ ತೆಗೆದು ಅದರ ಪಕ್ಕ ಇಟ್ಟೆ. ಗಿರಿಜಾಳ ಮೇಲಿನ ಸಾಹೇಬ ಎರಡನ್ನೂ ಮುರಿದು ಸಪ್ಪಳ ಕೇಳಿ ತಲೆಯಾಡಿಸಿದ. ಅವನ ಹೆಸರು ಎರಿಕ್, ನರೆತ ಗಡ್ಡದವನು.

"ಇಲ್ಲಿ ಸಾಹೇಬ್ರ ಅನ್ನಂಗಿಲ್ಲ ಅಮ್ಮ. ಎರಿಕ್ ಅಂತ ಕರಿ" ಎಂದಳು ಗಿರಿಜಾ.

"ನರತ ಗಡ್ಡದ ಮನಿಶ್ಯಾನ್ನ ಹೆಂಗ ಬರೇ ಹೆಸರು ಹಿಡದು ಕರೀಲಿ? ಎರಿಕಪ್ಪ ಅಂತೀನಿ."

ಎರಡು ದಿನಕ್ಕೆ ಅವನ ಜೊತೆಯವರೆಲ್ಲ ಅವನನ್ನು ಎರಿಕಪ್ಪ ಎನ್ನತೊಡಗಿದರು.

ಒಂದು ಸಂಗತಿ ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಆ ಊರಲ್ಲಿ ಕಾರು ನಿಲ್ಲಿಸಿದ ಕಡೆಯಲ್ಲೆಲ್ಲ ಗೂಟಗಳಿವೆ. ಪ್ರತಿಯೊಂದು ಕಾರಿನ ಮೂತಿಯಿಂದಲೂ ಒಂದು ತಂತಿ ಬಂದು ಗೂಟಕ್ಕೆ ಸೇರಿದೆ. ಕಟ್ಟಿ ಹಾಕಿದ ಎಮ್ಮೆಗಳ ಹಾಗೆ ಸಾಲಾಗಿ ನಿಂತಿವೆ. ಏನಿದು ಎಂದರೆ ಮಹೇಶ ಹೇಳಿದ, "ಕರೆಂಟ್ರಿ ಅಮ್ಮಾರ. ರಾತ್ರಿಪೂರಾ ಇಂಜಿನು ಬೆಚ್ಚಗ ಇಡತಾರ. ಇಲ್ಲಂದ್ರ ಮುಂಜಾನೆ ಚಾಲೂ ಆಗಂಗಿಲ್ಲ."

ಊರಿನ ಕಾರುಗಳೆಲ್ಲ ಬೆಚ್ಚಗಿವೆ. ಗಿರಿಜಾಳ ಲಾರಿಯೊಂದೇ ತಂತಿಯಿಲ್ಲದೆ, ಮಾಡಿಲ್ಲದೆ, ಬಯಲಲ್ಲಿ ನಿಂತಿದೆ.

ಪರೀಕ್ಷೆಯ ಮುನ್ನಾದಿನ

ಆ ದಿನ ಸಂಜೆ ಲಾರಿಯನ್ನು ಓಡಿಸಿ ತಂದು ನಿಲ್ಲಿಸಿದರು. ಗಿರಿಜಾ ಜೊತೆಯವರಿಗೆ ಅವರ ಭಾಷೆಯಲ್ಲಿ ಏನೋ ಹೇಳಿದಳು, ಎಲ್ಲರೂ ತಲೆಯಾಡಿಸಿ ಹೋದರು. ಅವಳೂ ಮಹೇಶನೂ ತರಕಾರಿ ತರಲು ಹೋದರು. ಶಾಂತಾ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ಕಿಟಕಿಯಲ್ಲಿ ನಿಂತು ನೋಡಿದೆ. ಲಾರಿಯ ಮೂತಿಯಿಂದ ಇನ್ನೂ ಸಣ್ಣಗೆ ಹಬೆ ಏಳುತ್ತಿತ್ತು. ಬಿಸಿ ಇರುವಾಗಲೇ ಹೊದಿಸಬೇಕು ಎನ್ನುವ ಮಾತು ನನ್ನ ಕೈಗೆ ಮೊದಲು ನೆನಪಾಯಿತು, ಆಮೇಲೆ ತಲೆಗೆ.

ಚಳಿಗೆಂದು ಜೊತೆಗೆ ತಂದಿದ್ದ ಕೌದಿ ತೆಗೆದುಕೊಂಡು ಹೊರಗೆ ಹೋದೆ. ಚಳಿ ಕಿವಿಗೆ ಕಚ್ಚಿತು. ಮೂತಿಯ ಮೇಲೆ ಕೌದಿ ಹರಡಿ, ನಾಲ್ಕೂ ಮೂಲೆ ಸಿಕ್ಕಿಸಿ, ಗಾಳಿ ಹೋಗದ ಹಾಗೆ ಮಾಡಿದೆ. ವೀರೇಶನ ಅಂಗಿಯ ಚೌಕ ಸರಿಯಾಗಿ ಮೇಲೆ ಬಂತು. ಅದರ ಮೇಲೆ ಒಂದು ಸಲ ಕೈ ಆಡಿಸಿ ಒಳಗೆ ಬಂದೆ. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು. ಅಂಥ ನಿದ್ದೆ ಬಂದು ಎಷ್ಟೋ ವರ್ಷವಾಗಿತ್ತು.

ಬೆಳಗ್ಗೆ ಎದ್ದು ನೋಡಿದರೆ ಲಾರಿಯ ಸುತ್ತ ಗಂಡಸರು ನಿಂತಿದ್ದಾರೆ. ಎರಿಕಪ್ಪ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದಾನೆ. ಕೌದಿ ಹಪ್ಪಳದ ಹಾಗೆ ಸೆಟೆದು ನಿಂತಿದೆ. ಗಿರಿಜಾ ಒಳಗೆ ಬಂದಳು.

"ಅಮ್ಮ, ನೀ ಹೊದಿಸಿದ್ಯೇನು?"

"ಹೂಂ. ಯಾಕ?"

"ಅದೇನರ ಪೂಜಿದೇನು, ಮುಟ್ಟಬಹುದೇನು ಅಂತ ಕೇಳಾಕತ್ಯಾರ."

ಅವಳ ಮುಖ ನೋಡಿ ಏನೋ ತಪ್ಪಾಗಿದೆ ಎಂದು ತಿಳಿಯಿತು. ಅವಳೇ ಮೆಲ್ಲಗೆ ಹೇಳಿದಳು. ಲಾರಿಯನ್ನು ಬರಿಮೈಯಲ್ಲಿ ನಿಲ್ಲಿಸಿ ಒಳಗಿನ ಕಬ್ಬಿಣವೆಲ್ಲ ಹೊರಗಿನಷ್ಟೇ ತಣ್ಣಗಾಗಬೇಕಂತೆ. ಅದೇ ಪರೀಕ್ಷೆ. ಕೌದಿಯಿಂದ ಒಳಗೆ ಕಾವು ಉಳಿದುಬಿಟ್ಟಿತ್ತು. ಯಂತ್ರದಲ್ಲಿ ನೋಡಿ ಲೆಕ್ಕಕ್ಕಿಲ್ಲ ಎಂದರಂತೆ.

"ಹಂಗಾದ್ರ ಇವತ್ತು ಸಂಜಿಗೆ ಮತ್ತ ನಿಲ್ಲಸ್ರಿ."

"ಇವತ್ತಿನಿಂದ ಬೆಚ್ಚಾನ ಗಾಳಿ ಬರತೈತಿ ಅಂತಾರ ಅಮ್ಮ. ಈ ವಾರ ಮುಗೀತಂದ್ರ ನಮಗ ಕೊಟ್ಟ ವ್ಯಾಳ್ಯಾನೂ ಮುಗೀತು."

ಬೈಯಲಿಲ್ಲ. ಹೊರಗೆ ಹೋಗಿ ಲಾರಿಯ ಹಿಂದೆ ನಿಂತಳು. ಅವಳು ಕಾಣಲಿಲ್ಲ, ಅವಳ ಉಸಿರಿನ ಹಬೆಯಷ್ಟೇ ಕಂಡಿತು. ಶಾಂತಾ ಒಲೆಯ ಮುಂದಿನಿಂದ ಎದ್ದು ಬಂದು, "ಕೇಳಿ ಮಾಡಬೇಕಾಗಿತ್ತಲ್ರಿ ಅತ್ತಿ" ಎಂದಳು. ಅಷ್ಟೇ ಅಂದು ಅವಳೂ ಸೆರಗು ಬಾಯಿಗೆ ಒತ್ತಿಕೊಂಡಳು.

ಕೆರೆಯ ದಂಡೆ

ಬೆಚ್ಚನೆಯ ಗಾಳಿ ಬಂದೇ ಬಂತು. ಮಾಡಿನಿಂದ ಹನಿ ತೊಟ್ಟಿಕ್ಕತೊಡಗಿತು. ಬೇರೆ ಕಡೆಯಾದರೆ ಯಾರಾದರೂ ಸಂತೋಷಪಡುವ ಹವೆ. ನಾನು ಅಂಗಳದಲ್ಲಿ ನಿಂತು, ಮಗನನ್ನು ಕೊಂದ ಚಳಿಯನ್ನು ಬಾ ಬಾ ಎಂದು ಬೇಡಿಕೊಂಡೆ. ಅಂಥ ಹರಕೆ ಯಾವ ತಾಯಿಗೂ ಬರಬಾರದು.

ಒಂದು ಸಂಜೆ ಗಿರಿಜಾ ನನ್ನ ಕೈ ಹಿಡಿದು ಕೆರೆಯ ದಂಡೆಗೆ ಕರೆದೊಯ್ದಳು.

"ಸಿಟ್ಟು ಬಂದೈತೇನವ್ವ?" ಎಂದೆ.

"ಇಲ್ಲ. ನೀ ಹೊದಿಸಿದ್ದು ನೋಡಿದ ಕೂಡ್ಲೇ ನನಗ ಅಪ್ಪನ ಕೈ ನೋಡಿದಂಗ ಆತು. ಮೂಲಿ ಸಿಕ್ಕಿಸಿದ್ದು ಹಂಗ ಇತ್ತು ಅಂತ ಅಜ್ಜ ಹೇಳಿದ್ದ."

"ನಿಮ್ಮಜ್ಜ ಹೇಳಿದ್ರೇ? ಯಾವಾಗ?"

"ನಾ ಕಾಲೇಜಿಗೆ ಹೋಗೂ ಮುಂದ. ನಾ ಕಲಿಸಿದ್ದ ಮಾಡ್ದ ಅಂವ, ನಾ ಕಲಿಸಲಾರದ ಇದ್ರ ಕಂಬಳಿ ತಾನು ಹೊತಗೊಂತಿದ್ದ ಅಂತ ಅತ್ತ."

ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿದವರು ನಾವು. ಆ ಮಾತು ನನಗೆ ಹೇಳಿರಲಿಲ್ಲ. ಮೊಮ್ಮಗಳಿಗೆ ಹೇಳಿದ್ದರು. ಕೆರೆಯ ಮೇಲೆ ಯಾರೋ ಮಂಜುಗಡ್ಡೆ ಕೊರೆದು ಗಾಳ ಇಳಿಬಿಟ್ಟು ಸುಮ್ಮನೆ ಕೂತಿದ್ದರು.

"ಅಮ್ಮ, ನನ್ನ ಕೆಲಸ ಚಾಲೂ ಮಾಡೂದು ಅಷ್ಟ. ಓಡಸೂದು, ಏರಸೂದು ಬ್ಯಾರೆಯವ್ರು ನೋಡಕೋತಾರ. ಹೊದಿಸದನ ಚಾಲೂ ಆಗಬೇಕು. ಯಾವ ಡ್ರೈವರನೂ ತನ್ನ ಕಂಬಳಿ ಇಂಜಿನಿಗಿ ಕೊಡಬಾರದು."

"ಇದು ನಮ್ಮ ಹುಡುಗರ ಗಾಡಿಗೂ ಬರತೈತೇನು?"

"ಗೊತ್ತಿಲ್ಲ ಅಮ್ಮ. ಯಾರೋ ಒಬ್ಬಾಕಿ ಮಗನ ಗಾಡಿಗೆ ಬರತೈತಿ."

ಕಿಟಕಿ

ವಾರದ ಕೊನೆಗೆ ಗಾಳಿ ತಿರುಗಿತು. ಮಾಡಿನ ಹನಿಗಳು ತೊಟ್ಟಿಕ್ಕುತ್ತಿದ್ದ ಹಾಗೆಯೇ ಗಟ್ಟಿಯಾಗಿ ನೇತಾಡಿದವು. ಎರಿಕಪ್ಪ ಬಂದು ಆಕಾಶ ತೋರಿಸಿ ಏನೋ ಅಂದ. "ಇವತ್ತು ನಿಲ್ಲಸೂಣ ಅಂತಾನ" ಎಂದಳು ಗಿರಿಜಾ. ಅದೇ ಕಡೆಯ ಅವಕಾಶ.

ಸಂಜೆ ಲಾರಿ ನಿಲ್ಲಿಸಿದರು. ಮೂತಿಯಿಂದ ಹಬೆ ಎದ್ದಿತು. ನಾನು ಕೌದಿಯನ್ನು ಮಡಚಿ, ಕೆಳಗೆ ಹಾಕಿಕೊಂಡು, ಅದರ ಮೇಲೆ ಕಿಟಕಿಯ ಬಳಿ ಕೂತೆ. ಶಾಂತಾ ಬಂದು, "ನೋಡಬ್ಯಾಡ್ರಿ ಅತ್ತಿ, ಒಳಗ ಬರ್ರಿ" ಎಂದಳು. "ನೋಡತೀನಿ" ಎಂದೆ. ಹಬೆ ಸಣ್ಣಗಾಯಿತು, ಆಮೇಲೆ ನಿಂತಿತು. ಜೀವ ಇರುವುದನ್ನು ಹೊರಗೆ ಹಾಕಿ ಬಾಗಿಲು ಮುಚ್ಚಿಕೊಂಡ ಹಾಗೆ ಅನ್ನಿಸಿತು. ಎದ್ದು ಹೋಗಬೇಕೆಂದು ಕಾಲು ಎಳೆಯುತ್ತಿತ್ತು. ಶಾಂತಾ ನನ್ನ ಪಕ್ಕದಲ್ಲಿ ಅದೇ ಕೌದಿಯ ಮೇಲೆ ಕೂತಳು. ಅತ್ತೆ ಸೊಸೆ ಇಬ್ಬರೂ ಒಬ್ಬರನ್ನೊಬ್ಬರು ಕಾಯ್ದುಕೊಂಡೆವು.

ಬೆಳಗ್ಗೆ ಎರಿಕಪ್ಪ ತಾನೇ ಲಾರಿಯ ಸುತ್ತ ಒಂದು ಸುತ್ತು ಹಾಕಿ, ನಮ್ಮ ಕಿಟಕಿಯ ಕಡೆ ನೋಡಿ ಎರಡೂ ಕೈ ಬಿಚ್ಚಿ ತೋರಿಸಿದ. ಕೌದಿ ಇಲ್ಲ ಎಂದು ಸನ್ನೆ. ನಾನು ಕೂತ ಜಾಗ ತೋರಿಸಿದೆ. ಅಲ್ಲಿ ಫೋಟೊ ತೆಗೆಯಲು ಬಿಡುವುದಿಲ್ಲ. ಗಿರಿಜಾ ಮೊದಲೇ ಕೇಳಿಕೊಂಡಿದ್ದಳು, ಚಿತ್ರ ಬೇಡ, ಸಪ್ಪಳವಾದರೆ ಅಡ್ಡಿಯಿಲ್ಲ ಎಂದಿದ್ದರು. ಊರಿಗೆ ಫೋನು ಹಚ್ಚಿದೆ. ಅಲ್ಲಿ ಆಗಲೇ ಮಧ್ಯಾಹ್ನ, ಗಿರಣಿ ನಡೆದಿತ್ತು.

"ಏನ್ರಿ, ಮೋಟಾರು ಬಂದ್ ಮಾಡ್ರಿ."

ಬಂದ್ ಆಯಿತು. ಹಿಟ್ಟಿಗೆ ಬಂದ ಮಂದಿಯ ಗುಜುಗುಜು ಕೇಳಿಸಿತು. "ಎಲ್ಲಾರೂ ಸುಮ್ಮಕಿರ್ರಿ ಸ್ವಲ್ಪ" ಎಂದರು ಯಜಮಾನರು. ಅಳವಂಡಿಯೂ ಸುಮ್ಮನಾಯಿತು, ಇಲ್ಲಿಯೂ ಸುಮ್ಮನಾಯಿತು. ಕಿಟಕಿಯನ್ನು ತುಸು ತೆರೆದು ಫೋನನ್ನು ಹೊರಗೆ ಹಿಡಿದೆ.

ಗಿರಿಜಾ ಲಾರಿ ಹತ್ತಿ ಕೂತಳು. ಕೀಲಿ ಅರ್ಧ ತಿರುವಿದರೆ ಮುಂದೆ ಒಂದು ಸಣ್ಣ ದೀಪ ಹತ್ತುತ್ತದೆ, ಒಳಗೆ ಹೋಗುವ ಗಾಳಿಯನ್ನು ಇಂಜಿನು ತಾನೇ ಕಾಯಿಸಿಕೊಳ್ಳುತ್ತದೆ, ದೀಪ ಆರಿದ ಮೇಲೆ ಪೂರಾ ತಿರುವಬೇಕು ಎಂದು ಅವಳು ಹೇಳಿದ್ದಳು. ಅವಳು ಕೂತೇ ಇದ್ದಳು. ದೀಪ ನನಗೆ ಕಾಣುವುದಿಲ್ಲ, ಅವಳ ಮುಖ ಕಾಣುತ್ತದೆ. ತಲೆ ತಗ್ಗಿಸಿ ಕಾಯುವಾಗ ಅವಳು ಪೂರಾ ವೀರೇಶ.

ಆಮೇಲೆ ಒಂದು ನರಳಾಟ. ಆಯಿತು, ಸತ್ತಿತು ಎಂದುಕೊಂಡೆ. ಅಷ್ಟರಲ್ಲಿ ಇಡೀ ಲಾರಿ ಒಂದು ಸಲ ಮೈ ಜಾಡಿಸಿತು, ಬಿಳಿ ಹೊಗೆ ಎದ್ದಿತು, ಗುಡುಗು ನಿಲ್ಲದೆ ನಡೆಯಿತು. ಗಂಡಸರು ಒಬ್ಬರನ್ನೊಬ್ಬರು ಅಪ್ಪಿಕೊಂಡರು, ಮಾತು ಕಡಿಮೆಯ ಆ ಮಂದಿ. ಎರಿಕಪ್ಪ ಟೋಪಿ ಮೇಲಕ್ಕೆ ಎಸೆದ. ನಾನು ಗೋಡೆ ಹಿಡಿದು ಅತ್ತೆ.

ಎಲ್ಲರೂ ಸಂತೋಷದ ಅಳು ಎಂದುಕೊಂಡರು. ಸಂತೋಷ ಇತ್ತು, ಸುಳ್ಳಲ್ಲ, ಹೊಟ್ಟೆ ಬಿರಿಯುವಷ್ಟು ಇತ್ತು. ಆದರೆ ನನಗೆ ಅನ್ನಿಸಿದ್ದು ಬೇರೆ. ಒಂದು ಸಣ್ಣ ದೀಪ ಹತ್ತಿ ಆರುವಷ್ಟು ಹೊತ್ತು. ಇಷ್ಟೇ ಬೇಕಾಗಿತ್ತು ನನ್ನ ಮಗನಿಗೆ. ಅದನ್ನು ಮಾಡಲು ಅವನ ಮಗಳು ಹುಟ್ಟಿ, ಬೆಳೆದು, ಓದಿ, ಇಲ್ಲಿಯ ತನಕ ಬರಬೇಕಾಯಿತು.

ಫೋನು ಕಿವಿಗೆ ಹಿಡಿದೆ.

"ಹೊದಿಸಿದ್ರೇನು?" ಎಂದರು ಯಜಮಾನರು.

"ಇಲ್ರಿ. ಬರಿಮೈಲೆ ನಿಂತಿತ್ತು."

ಆ ಕಡೆ ಫೋನು ಬೇರೆ ಯಾರದೋ ಕೈಗೆ ಹೋಯಿತು. "ಅಜ್ಜಾರು ಒಳಗ ಹೋದ್ರಬೇ" ಎಂದಿತು ಒಂದು ಹೆಣ್ಣು ದನಿ. "ನಾವು ಕುಂತಿರತೀವಿ. ಹಿಟ್ಟು ಸಾವಕಾಶ ಆದ್ರೂ ನಡಿತೈತಿ."

ಆ ಸಂಜೆ

ಅಲ್ಲಿ ಕತ್ತಲೆಯಾಗಿ ನಾಲ್ಕು ಗಂಟೆ ಎಂದರೆ ನಮ್ಮ ಊರಲ್ಲಿ ರಾತ್ರಿ ಊಟದ ಹೊತ್ತು. ಕೂಡಿಯೇ ಉಣ್ಣೋಣ ಎಂದು ಗಿರಿಜಾ ಹೇಳಿದಳು. ಶಾಂತಾ ರೊಟ್ಟಿ ಬಡಿದಳು. ಮಹೇಶ ಎಣ್ಣೆಗಾಯಿ ಪಲ್ಯ ಮಾಡಿದ. ಕುಷ್ಟಗಿಯವರ ಕೈ, ಖಾರ ಜಾಸ್ತಿ. ನಾನು ತಂದಿದ್ದ ಶೇಂಗಾ ಚಟ್ನಿ, ಮೊಸರು. ಎರಿಕಪ್ಪ ಬಂದು ಒಂದು ಕೇಕು ಕೊಟ್ಟ. ಕೂರು ಎಂದರೆ, ಇವತ್ತು ನಿಮ್ಮ ಮನೆಯವರು ಉಣ್ಣಿರಿ ಎಂದು ಹೇಳಿ ಹೋದ. ತಿಳಿದವನು.

ಕುರ್ಚಿಗಳನ್ನು ಸರಿಸಿ, ನೆಲಕ್ಕೆ ಕೌದಿ ಹಾಸಿ, ಸುತ್ತ ಕೂತೆವು. ಗೋಡೆಗೆ ಒರಗಿಸಿದ ಫೋನಿನಲ್ಲಿ ಯಜಮಾನರು ಗಿರಣಿಯ ನೆಲದ ಮೇಲೆ ತಾಟು ಇಟ್ಟುಕೊಂಡು ಕೂತಿದ್ದರು. ಹುಬ್ಬಿನ ಮೇಲೆ ಹಿಟ್ಟು ಹಾಗೆಯೇ ಇತ್ತು.

"ಮುಖ ತೊಳಕೊಬಾರದೇನ್ರಿ" ಎಂದೆ.

"ತೊಳಕೊಂಡಿದ್ದೆ. ಮತ್ತ ಕುಂತೈತಿ."

"ಅಜ್ಜ, ಸಪ್ಪಳ ಹೆಂಗಿತ್ತು?" ಎಂದಳು ಗಿರಿಜಾ.

ಯಜಮಾನರು ರೊಟ್ಟಿ ಮುರಿದವರು ಹಾಗೇ ಹಿಡಿದುಕೊಂಡು ಕೂತರು. "ಛಲೋ ಇತ್ತವ್ವ" ಎಂದರು. ಆಮೇಲೆ ನನ್ನನ್ನು ಕೇಳಿದರು, "ಅವಂದು ಎಡಿ ಹಿಡದೀಯೇನು?"

ಹಬ್ಬ, ಅಮಾವಾಸ್ಯೆ, ಮನೆಯಲ್ಲಿ ಏನು ಒಳ್ಳೆಯದಾದರೂ ವೀರೇಶನ ಹೆಸರಿನಲ್ಲಿ ಮೊದಲ ತಾಟು ನೀಡುವುದು ನಮ್ಮ ಮನೆಯ ಪದ್ಧತಿ. ಅಂಗಿಯ ಚೌಕದ ಮೇಲೆ ಇಟ್ಟಿದ್ದ ತಾಟನ್ನು ಫೋನಿಗೆ ತೋರಿಸಿದೆ.

"ಹಿಡದೇನ್ರಿ."

"ಬಿಸಿ ಐತೇನು?"

"ಬಿಸಿ ಐತ್ರಿ. ಈಗ ಹಂಚಿನ ಮ್ಯಾಲಿಂದ ತಗದಿದ್ದು."

"ಹಂಗಾದ್ರ ಉಣ್ರಿ ಎಲ್ಲಾರೂ" ಎಂದರು. ಎಲ್ಲರೂ ಉಂಡೆವು.